ಸೋಲಿಗರೊಡನೆ ಬಿಳಿಗಿರಿಯ ಕಾಲುಹಾದಿಯಲ್ಲಿ

ಹಲಸೂರಿನಲ್ಲಿ ಈಗ ಹಲಸಿನ ತೋಪಿಲ್ಲ. ಹಿಂದೊಮ್ಮೆ ಇದ್ದ ತೋಪಿನಿಂದಲೇ ಊರಿಗೆ ಆ ಹೆಸರು ಬಂದಿತೆಂದು ಹಿರಿಯರು ಹೇಳುತ್ತಾರೆ. ಮರ ಅಳಿದು ಹೆಸರೊಂದೇ ಉಳಿಯುವುದು ನಗರದ ಪಾಡು. ಮರವೂ ಹೆಸರೂ ಎರಡನ್ನೂ ಬಲ್ಲ ಜನರೂ ಒಟ್ಟಿಗೆ ಉಳಿದಿರುವ ತಾಣವೊಂದು ಬೆಂಗಳೂರಿನಿಂದ ಅರ್ಧ ದಿನದ ದಾರಿಯಲ್ಲಿದೆ. ಅದು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ.

ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳನ್ನು ದಾಟಿ ಯಳಂದೂರು ಸೇರಿದೊಡನೆ ಬೆಟ್ಟದ ಸಾಲು ಎದುರಾಗುತ್ತದೆ. ಕಡಿದಾದ ಬಿಳಿಯ ಬಂಡೆಯ ಅಂಚಿನಲ್ಲಿ ರಂಗನಾಥನ ಗುಡಿ. ಯಾತ್ರಿಕರಲ್ಲಿ ಹೆಚ್ಚಿನವರು ದರ್ಶನ ಮಾಡಿ, ತಂಗಾಳಿಗೆ ಮೈಯೊಡ್ಡಿ, ಸಂಜೆಯೊಳಗೆ ಹಿಂದಿರುಗುವರು. ಆದರೆ ಈ ಬೆಟ್ಟವನ್ನು ಅರಿಯಬೇಕೆನ್ನುವವರು ಸೋಲಿಗರ ಹಿಂದೆ ಕಾಲ್ನಡಿಗೆಯಲ್ಲಿ ಸಾಗಬೇಕು. ಇದು ಹುಲಿ ಸಂರಕ್ಷಿತ ಪ್ರದೇಶವಾದುದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನೊಳಗೆ ಕಾಲಿಡುವಂತಿಲ್ಲ.

ಹಲಸೂರು, ಇಂದಿರಾನಗರಗಳ ನಾಲ್ಕು ಸಂಸಾರದವರು ನಾವು ಅನುಮತಿ ಪಡೆದು ಸೋಲಿಗ ಹಿರಿಯರೊಬ್ಬರೊಡನೆ ಹೊರಟೆವು. ಸೋಲಿಗರ ನುಡಿ ಕನ್ನಡಕ್ಕೆ ಬಹು ಹತ್ತಿರವಾದುದು. ಕಿವಿಗೊಟ್ಟು ಕೇಳಿದರೆ ಅರ್ಥಕ್ಕೆ ಅಡ್ಡಿಯಿಲ್ಲ. ಒಂದು ಗಂಟೆ ನಡೆದಿರಬಹುದು. ಮರದ ಬುಡದಲ್ಲಿದ್ದ ನಾಲ್ಕಾರು ಕಲ್ಲುಗಳ ಬಳಿ ಆತ ನಿಂತರು.

“ಚಪ್ಪಲಿ ಬುಡಿ ಸ್ವಾಮಿ, ಇದು ನಮ್ಮ ಮಾರಮ್ಮ.”

“ಗುಡಿಯೇ ಇಲ್ಲವಲ್ಲ, ಗೌಡರೆ?” ಎಂದು ನಮ್ಮಲ್ಲೊಬ್ಬರು ಕೇಳಿದರು.

“ಕಾಡೇ ಗುಡಿ ಅಲ್ಲವಾ?” ಎಂದು ಆತ ನಕ್ಕರು.

ಹಿರಿಯರ ಮಾತು ಬರಿಯ ಚಮತ್ಕಾರವಲ್ಲ. ತೆನೇರು, ಸೂರಿರು, ಸೆಲಿಕಿರು ಮೊದಲಾದ ಸೋಲಿಗರ ಕುಲಗಳಿಗೆ ಕಾಡಿನಲ್ಲಿ ತಮ್ಮ ತಮ್ಮ ಎಲ್ಲೆಗಳುಂಟು. ಪ್ರತಿಯೊಂದು ಎಲ್ಲೆಯಲ್ಲಿಯೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ನೆಲೆಗಳಿರುತ್ತವೆ. ಅಬ್ಬಿಯೆಂದರೆ ನೀರಿನ ನೆಲೆ. ಕಲ್ಲುಗುಡಿಯೆಂದರೆ ಹಿರಿಯರನ್ನು ಮಣ್ಣು ಮಾಡಿದ ಜಾಗ. ಸೋಲಿಗರೇ ಆದ ಡಾ. ಸಿ. ಮಾದೇಗೌಡರೂ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಹಿರಿಯರೊಡನೆ ಅಲೆದು ಇಂತಹ ನೂರಾರು ನೆಲೆಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ. ನಾವು ನಿರ್ಜನವೆಂದು ಭಾವಿಸುವ ಅರಣ್ಯ ಸೋಲಿಗರ ಕಣ್ಣಿಗೆ ಕೇರಿಗಳಿಂದ ಕೂಡಿದ ಊರು. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆಯನ್ನು ತಲೆತಲಾಂತರದಿಂದ ಪೂಜಿಸುತ್ತ ಬಂದವರು ಇವರು. ರಂಗನಾಥನಾದರೋ ಇವರಿಗೆ ನಂಟ. ಸೋಲಿಗರ ಕನ್ಯೆ ಕುಸುಮಾಲೆಯನ್ನು ಮೋಹಿಸಿ ವರಿಸಿದವನಾದುದರಿಂದ ಅವನು ಇವರ ಪಾಲಿಗೆ ‘ರಂಗಭಾವ’.

ತರಗು ಬೆಂಕಿ

ಮುಂದೆ ದಾರಿಯ ಎರಡೂ ಬದಿಗೆ ಲಂಟಾನದ ಪೊದೆ ಆಳೆತ್ತರ ಬೆಳೆದಿತ್ತು. ಬ್ರಿಟಿಷರ ಕಾಲದಲ್ಲಿ ಉದ್ಯಾನಗಳ ಅಲಂಕಾರಕ್ಕೆಂದು ಹೊರದೇಶದಿಂದ ಬಂದ ಈ ಗಿಡ ಇಂದು ಬಿಳಿಗಿರಿಯ ಬಹುಭಾಗವನ್ನು ಆವರಿಸಿದೆ. ಅದರಡಿಯಲ್ಲಿ ಹುಲ್ಲು ಚಿಗುರದು, ಮರದ ಸಸಿ ಮೇಲೇಳದು.

ಹಿಂದೆ ಹೀಗಿರಲಿಲ್ಲವೆನ್ನುತ್ತಾರೆ ಸೋಲಿಗರು. ಬೇಸಗೆಯ ಮೊದಲಲ್ಲಿ, ನೆಲದಲ್ಲಿ ಇನ್ನೂ ಪಸೆಯಿರುವಾಗಲೇ, ಒಣಗಿದೆಲೆಗಳಿಗೆ ಸಣ್ಣ ಕಿಚ್ಚಿಡುವುದು ಅವರ ವಾಡಿಕೆಯಾಗಿತ್ತು. ಅದೇ ‘ತರಗು ಬೆಂಕಿ’. ಅದು ಮರಗಳನ್ನು ಸುಡದೆ ನೆಲಮಟ್ಟದಲ್ಲಿಯೇ ಹಾದುಹೋಗುತ್ತಿತ್ತು, ಕಳೆಯನ್ನು ತಡೆಯುತ್ತಿತ್ತು. ನೆಲ್ಲಿಯ ಮರಗಳ ರಸ ಹೀರುವ ‘ಉಪ್ಪಿಲು’ ಎಂಬ ಬಂದಳಿಕೆಯನ್ನೂ ಹತೋಟಿಯಲ್ಲಿಡುತ್ತಿತ್ತು. ಕಾಡಿಗೆ ಬೆಂಕಿ ಹಾನಿಕರವೆಂದು ಅದನ್ನು ನಿಷೇಧಿಸಿದ ಮೇಲೆ ಲಂಟಾನವೂ ಉಪ್ಪಿಲೂ ಹಬ್ಬಿದವೆಂಬುದು ಅವರ ವಾದ. ವಿಜ್ಞಾನಿಗಳು ಈ ವಾದವನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ.

ಹಕ್ಕಿನ ಹಾದಿ

1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಬೇಟೆಯೂ ಸ್ಥಳ ಬದಲಿಸುತ್ತ ಮಾಡುತ್ತಿದ್ದ ಬೇಸಾಯವೂ ನಿಂತವು. ಅಲೆಯುತ್ತಿದ್ದ ಜನ ಗೊತ್ತಾದ ಪೋಡುಗಳಲ್ಲಿ ನೆಲಸಬೇಕಾಯಿತು. 1981ರಲ್ಲಿ ಡಾ. ಎಚ್. ಸುದರ್ಶನರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದ ಬಳಿಕ ಚಿಕಿತ್ಸೆಯೂ ಶಾಲೆಯೂ ಪೋಡುಗಳಿಗೆ ದೊರೆತವು. ಆದರೆ ಜೇನು, ನೆಲ್ಲಿ, ಪಾಚಿಗಳ ಸಂಗ್ರಹಕ್ಕೆ ಮುಂದೆ ನಿಷೇಧ ಬಂದಿತು.

ಆಲ್ಪ್ಸ್ ಪರ್ವತಗಳ ವಾಲ್ಸರ್ ಜನರ ಕಥೆ ಇಲ್ಲಿ ನೆನಪಾಗುತ್ತದೆ. ಮಧ್ಯಯುಗದಲ್ಲಿ ಎತ್ತರದ ಕಣಿವೆಗಳಿಗೆ ವಲಸೆ ಹೋಗಿ, ಬಂಜರು ನೆಲವನ್ನು ಹಸನುಗೊಳಿಸಿದ ಆ ಬೆಟ್ಟಿಗರಿಗೆ ಅನೇಕ ಕಡೆ ಅಲ್ಲಿನ ಪಾಳೆಯಗಾರರು ಭೂಮಿಯ ವಂಶಪಾರಂಪರ್ಯ ಹಕ್ಕನ್ನು ಪತ್ರದಲ್ಲಿ ಬರೆದುಕೊಟ್ಟಿದ್ದರು. ಕಾಡಿನಲ್ಲೇ ಹುಟ್ಟಿ ಬೆಳೆದ ಸೋಲಿಗರು ಅಂತಹ ಪತ್ರಕ್ಕಾಗಿ 2011ರವರೆಗೆ ಕಾಯಬೇಕಾಯಿತು. ಆ ವರ್ಷದ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅಕ್ಟೋಬರ್ ತಿಂಗಳಲ್ಲಿ, 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ, 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂತಹ ಹಕ್ಕು ಮಾನ್ಯವಾದದ್ದು ದೇಶದಲ್ಲಿಯೇ ಮೊದಲೆಂದು ಅದು ಹೆಸರಾಯಿತು.

ಜೇನು, ನೆಲ್ಲಿಗಳ ಬೆಲೆಯಿಂದ ಮಾತ್ರ ಈ ಹಕ್ಕನ್ನು ಅಳೆಯಲಾಗದು. ಹೆಜ್ಜೇನು ಯಾವುದು, ತುಡುವೆ ಯಾವುದು, ಯಾವ ಅಬ್ಬಿ ಬೇಸಗೆಯಲ್ಲಿಯೂ ಬತ್ತದು ಎಂಬುದನ್ನು ಮಕ್ಕಳು ಹಿರಿಯರ ಹಿಂದೆ ನಡೆದೇ ಕಲಿಯಬೇಕು. ದುಡಿಮೆಗಾಗಿ ಕಾಡಿಗೆ ಹೋಗುವುದು ನಿಂತರೆ ಆ ಪಾಠವೂ ನಿಲ್ಲುತ್ತದೆ. ಪ್ರವಾಸಿಗರಿಗೆ ದಾರಿ ತೋರುವ ಕೆಲಸದಿಂದ ಕೂಲಿ ದೊರೆಯಬಹುದು. ಅಷ್ಟರಿಂದಲೇ ಎಲ್ಲೆಯ ನೆನಪು ಉಳಿಯಲಾರದು.

ಬೆಟ್ಟಕ್ಕೆ ಹೋಗುವ ಓದುಗರು ಹುಲಿ ಕಾಣಲಿಲ್ಲವೆಂದು ಬೇಸರಪಡಬೇಕಾಗಿಲ್ಲ. ಜೊತೆಗೆ ಬರುವ ಸೋಲಿಗರನ್ನು ಅವರ ಕುಲ ಯಾವುದು, ಎಲ್ಲೆ ಯಾವುದು ಎಂದು ವಿನಯದಿಂದ ವಿಚಾರಿಸಲಿ; ಚಪ್ಪಲಿ ಬಿಡೆಂದ ಕಡೆ ಬಿಡಲಿ; ಮಕ್ಕಳಿಗೆ ನಾಲ್ಕು ಮರಗಳ ಹೆಸರನ್ನಾದರೂ ಅವರ ಬಾಯಿಂದಲೇ ಕೇಳಿಸಲಿ.