ಲೇಗೋಸಿಗೆ ಹೊರಡುವ ಮುನ್ನ

ಇಂಡಿಯಲ್ಲಾಗಲಿ ಮುದ್ದೇಬಿಹಾಳದಲ್ಲಾಗಲಿ ಒಬ್ಬ ತರುಣನು ಮನೆಯ ಹಿರಿಯರ ಮುಂದೆ ನಿಂತು, "ನನಗೆ ಲೇಗೋಸಿನಲ್ಲಿ ಕೆಲಸ ದೊರೆತಿದೆ, ಹೋಗಿ ಬರುತ್ತೇನೆ" ಎಂದು ಹೇಳಿದನೆನ್ನಿ. ಅದು ಯಾವ ದಿಕ್ಕಿಗಿದೆ, ಎಷ್ಟು ದೂರ, ಸಂಬಳವೆಷ್ಟು ಎಂಬ ವಿಚಾರಗಳೆಲ್ಲ ಆಮೇಲಿನವು. ಮೊದಲು ಬರುವ ಪ್ರಶ್ನೆ ಒಂದೇ: "ಅಲ್ಲಿ ನಮ್ಮವ್ರು ಯಾರ ಅದಾರೋ ತಮ್ಮಾ?" ಮಳೆ ಕೈಕೊಟ್ಟ ವರ್ಷಗಳಲ್ಲಿ ಪುಣೆ, ಮುಂಬಯಿ, ಗೋವೆಗಳಿಗೆ ಗುಳೆ ಹೊರಟವರನ್ನೂ ಈ ಸೀಮೆಯ ಮುದುಕರು ಕೇಳುತ್ತ ಬಂದ ಮಾತಿದು. ಕಲಿತ ಹುಡುಗರು ಇದನ್ನು ಕೇಳಿ ನಗುವುದುಂಟು. ಆದರೆ ನನ್ನ ಮಟ್ಟಿಗೆ ಹೇಳುವುದಾದರೆ, ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಪ್ರವಾಸ ಕೈಪಿಡಿಯೂ ಕೇಳಿಲ್ಲ. ಲೇಗೋಸಿನ ಮೊದಲ ಪಯಣದ ಸಿದ್ಧತೆಯೆಂದರೆ ಈ ಪ್ರಶ್ನೆಗೆ ಹೆಸರು, ವಿಳಾಸ, ದಾಖಲೆಗಳ ಸಹಿತವಾದ ಉತ್ತರವನ್ನು ಹುಡುಕಿಕೊಳ್ಳುವುದೇ ಆಗಿದೆ.

ಆಫ್ರಿಕವೆಂದೊಡನೆ ವಿಜಾಪುರದವರಿಗೆ ಹಬಶಿಗಳ ನೆನಪಾಗುವುದು ಸಹಜ. ಮಹಮ್ಮದ್ ಆದಿಲ್ ಶಾಹನ ದರಬಾರಿನಲ್ಲಿ ಇಖ್ಲಾಸ್ ಖಾನನೆಂಬ ಹಬಶಿ ಸರದಾರನು ರಾಜ್ಯದ ಸೂತ್ರಗಳನ್ನೇ ಹಿಡಿದಿದ್ದನು. ಆ ಕಾಲದ ವರ್ಣಚಿತ್ರಗಳಲ್ಲಿ ಅವನನ್ನು ಇಂದಿಗೂ ಕಾಣಬಹುದು. ಆದರೆ ಹಬಶಿಗಳು ಬಂದದ್ದು ಆ ಖಂಡದ ಮೂಡಣ ಅಂಚಿನಿಂದ. ಲೇಗೋಸ್ ಇರುವುದು ಪಡುವಣ ಕರಾವಳಿಯಲ್ಲಿ, ನೈಜೀರಿಯಾ ದೇಶದಲ್ಲಿ. ಎರಡರ ನಡುವೆ ಸಾವಿರಾರು ಮೈಲಿಗಳ ಅಂತರವಿದೆ. ಆಫ್ರಿಕವನ್ನು ಒಂದೇ ಊರೆಂಬಂತೆ ಮಾತನಾಡುವ ಅಭ್ಯಾಸವನ್ನು ಹೊರಡುವವನು ಇಲ್ಲಿಯೇ ಬಿಟ್ಟು ಹೋಗುವುದು ಲೇಸು.

ಈ ಪಟ್ಟಣವನ್ನು ಅಲ್ಲಿಯ ಯೊರುಬಾ ಜನರು ಕರೆಯುವ ಹೆಸರು ಎಕೊ. ಸಮುದ್ರಕ್ಕೆ ಹೊಂದಿಕೊಂಡು ಹಿನ್ನೀರಿನ ಸರೋವರಗಳಿದ್ದುದರಿಂದ ಪೋರ್ತುಗೀಜರು ಲೇಗೋಸ್, ಎಂದರೆ ಸರೋವರಗಳು, ಎಂದು ಕರೆದರು. ಗುಲಾಮರ ವ್ಯಾಪಾರದಿಂದ ಕುಖ್ಯಾತವಾಗಿದ್ದ ಈ ಬಂದರನ್ನು ಬ್ರಿಟಿಷರು 1861ರಲ್ಲಿ ತಮ್ಮ ಆಳ್ವಿಕೆಗೆ ಸೇರಿಸಿಕೊಂಡರು. ಬ್ರಜಿಲ್ ದೇಶಕ್ಕೆ ಮಾರಾಟವಾಗಿದ್ದವರಲ್ಲಿ ಬಿಡುಗಡೆ ಹೊಂದಿ ಮರಳಿದ ಕುಟುಂಬಗಳು ದ್ವೀಪದ ಒಂದು ಮಗ್ಗುಲಲ್ಲಿ ಮನೆ ಕಟ್ಟಿಕೊಂಡವು. ಆ ಕೇರಿಗೆ ಈಗಲೂ ಬ್ರಜಿಲಿನ ಹೆಸರೇ ಇದೆ. 1960ರ ಅಕ್ಟೋಬರ 1ರಂದು ದೇಶವು ಸ್ವತಂತ್ರವಾಯಿತು. 1991ರಲ್ಲಿ ರಾಜಧಾನಿಯು ಅಬುಜಾಕ್ಕೆ ಹೋಯಿತಾದರೂ ವ್ಯಾಪಾರವು ಲೇಗೋಸನ್ನು ಬಿಟ್ಟು ಕದಲಲಿಲ್ಲ.

ಅಲ್ಲಿ ಎಷ್ಟು ಜನರಿದ್ದಾರೆಂಬುದನ್ನು ಅಲ್ಲಿಯವರೇ ಒಪ್ಪಿ ಹೇಳಲಾರರು. 2006ರ ಜನಗಣತಿಯು ಲೇಗೋಸ್ ರಾಜ್ಯದಲ್ಲಿ 90 ಲಕ್ಷ ಜನರೆಂದಿತು. ಆ ರಾಜ್ಯದ ಸರಕಾರವು ತಾನೇ ಎಣಿಸಿ ಒಂದೂ ಮುಕ್ಕಾಲು ಕೋಟಿಯೆಂದಿತು! ಒಬ್ಬರ ಲೆಕ್ಕಕ್ಕೆ ಮತ್ತೊಬ್ಬರದು ಎರಡರಷ್ಟು. 2011ರ ಗಣತಿಯಲ್ಲಿ ನಮ್ಮ ಇಡೀ ಜಿಲ್ಲೆಯ ಜನಸಂಖ್ಯೆ ಸುಮಾರು 22 ಲಕ್ಷವಿತ್ತೆಂಬುದನ್ನು ನೆನೆದರೆ, ಬಾಗೇವಾಡಿಯ ಬಸ್ ನಿಲ್ದಾಣದಿಂದ ಹೊರಟವನು ಎಂಥ ಜನಸಾಗರಕ್ಕೆ ಇಳಿಯುತ್ತಾನೆಂಬುದರ ಕಲ್ಪನೆಯಾದೀತು.

ಈ ಸಾಗರದಲ್ಲಿ ಮೊದಲು ತಿಳಿಯಬೇಕಾದದ್ದು, ತಾನು ನೀರಿನ ಯಾವ ದಡದಲ್ಲಿರುವೆನೆಂಬುದು. ವಿಮಾನ ನಿಲ್ದಾಣ, ಇಕೇಜಾ, ಅನೇಕ ಕಾರಖಾನೆಗಳು, ಭಾರತೀಯ ಮಕ್ಕಳ ಶಾಲೆಯಿರುವ ಇಲುಪೆಜು ಇವು ಒಳನಾಡಿನ ಬದಿಯಲ್ಲಿವೆ. ಬ್ಯಾಂಕುಗಳು, ದೊಡ್ಡ ಕಚೇರಿಗಳು, ಇಕೊಯಿ ಮತ್ತು ವಿಕ್ಟೋರಿಯಾ ದ್ವೀಪದ ಸಿರಿವಂತರ ಮನೆಗಳು ಆಚೆಯ ಬದಿಯಲ್ಲಿ. 1990ರಲ್ಲಿ ಮುಗಿದ ಸುಮಾರು 12 ಕಿಲೋಮೀಟರು ಉದ್ದದ ಸೇತುವೆಯೊಂದು ಇವೆರಡನ್ನೂ ಕೂಡಿಸುತ್ತದೆ. ವಾಹನಗಳ ಸಂದಣಿಯಲ್ಲಿ ಈ ದಾರಿಯನ್ನು ಕ್ರಮಿಸಲು ಒಮ್ಮೊಮ್ಮೆ ಮೂರು ಗಂಟೆ ಹಿಡಿಯುವುದುಂಟು. ಆ ಸ್ಥಿತಿಗೆ ಅಲ್ಲಿಯ ಜನರು 'ಗೋ ಸ್ಲೋ' ಎಂದು ಹೆಸರಿಟ್ಟುಬಿಟ್ಟಿದ್ದಾರೆ. 2023ರಿಂದ ನಗರದ ರೈಲು ಓಡತೊಡಗಿದೆ, ಆದರೆ ಅದು ಮುಟ್ಟದ ಬಡಾವಣೆಗಳೇ ಹೆಚ್ಚು. ಕಪ್ಪು ಗೆರೆಯ ಹಳದಿ ವ್ಯಾನುಗಳಿಗೆ 'ಡ್ಯಾನ್‌ಫೊ' ಎಂದು ಹೆಸರು. ನಿರ್ವಾಹಕನು ಬಾಗಿಲಲ್ಲಿ ಜೋತು ಬಿದ್ದು ಊರ ಹೆಸರು ಕೂಗುವ ಪರಿಯನ್ನು ನೋಡಿದರೆ ಸಿಂದಗಿಯ ಟಂಟಂಗಳು ನೆನಪಾಗದೆ ಇರವು. ಮೊದಲ ವಾರದಲ್ಲಿ ಮಾತ್ರ, ಜೊತೆಗೆ ಬಲ್ಲವರಿಲ್ಲದೆ, ಅವುಗಳನ್ನು ಏರದಿರುವುದು ಕ್ಷೇಮ. ಮನೆ ಒಂದು ದಡದಲ್ಲಿ, ಕೆಲಸ ಇನ್ನೊಂದು ದಡದಲ್ಲಿ ಇದ್ದರೆ ಸಂಬಳದ ಜೊತೆಗೆ ಆಯುಷ್ಯದ ಲೆಕ್ಕವನ್ನೂ ಹಾಕಬೇಕಾಗುತ್ತದೆ. ಆದ್ದರಿಂದ ವಸತಿ ಎಲ್ಲಿ ಎಂಬುದನ್ನು ಹೊರಡುವ ಮೊದಲೇ ಕೇಳಿ ತಿಳಿಯಬೇಕು.

ಋತುವನ್ನು ಆಯ್ದುಕೊಳ್ಳುವ ಅವಕಾಶವಿದ್ದರೆ ನವೆಂಬರದಿಂದ ಜನವರಿಯವರೆಗಿನ ಕಾಲ ಒಳ್ಳೆಯದು. ನಮ್ಮ ಕಡೆ ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ. ಲೇಗೋಸಿನಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು, ಅದೂ ಜೂನದಲ್ಲಿ ಬೀದಿಗಳೇ ಹಳ್ಳಗಳಾಗುವಂತೆ. ಚಳಿಗಾಲದಲ್ಲಿ ಸಹಾರಾ ಮರುಭೂಮಿಯಿಂದ ಹಾರ್ಮಟ್ಟನ್ ಎಂಬ ಒಣ ಗಾಳಿ ಧೂಳನ್ನು ಹೊತ್ತು ತರುತ್ತದೆ. ಧೂಳಿನ ವಿಷಯದಲ್ಲಿ ವಿಜಾಪುರದವರಿಗೆ ಹೊಸದಾಗಿ ಕಲಿಸಬೇಕಾದದ್ದೇನೂ ಇಲ್ಲ.

ಇನ್ನು ಕಾಗದಪತ್ರಗಳ ಮಾತು. ನಿಜವಾದ ಅಪಾಯವಿರುವುದು ಇಲ್ಲಿಯೇ ಎಂದು ನಾನು ತಿಳಿಯುತ್ತೇನೆ. ಕಳ್ಳರ ಭಯ, ಕಾಡಿನ ಭಯ ಎಂದು ಮನೆಯವರು ಕಳವಳಪಡುತ್ತಾರೆ. ಆದರೆ ಹುಡುಗನ ಬದುಕು ಮುರಿಯುವುದು ಸಾಮಾನ್ಯವಾಗಿ ಒಂದು ತಪ್ಪು ವೀಸಾದಿಂದ. ನೈಜೀರಿಯಾದಲ್ಲಿ ವಿದೇಶೀಯನನ್ನು ನೌಕರಿಗೆ ಇಟ್ಟುಕೊಳ್ಳಲು ಸಂಸ್ಥೆಯು ಅಲ್ಲಿಯ ಸರಕಾರದಿಂದ 'ಕೋಟಾ' ಪಡೆದಿರಬೇಕು. ಅದರ ಆಧಾರದ ಮೇಲೆ ನೌಕರನಿಗೆ 'ಎಸ್.ಟಿ.ಆರ್.' ಎಂಬ ವೀಸಾ ದೊರೆಯುತ್ತದೆ. ತಲುಪಿದ ಬಳಿಕ ವಾಸದ ಪರವಾನಿಗೆಯ ಚೀಟಿಯನ್ನು ಮಾಡಿಸಿಕೊಳ್ಳಬೇಕು. ವ್ಯಾಪಾರ ಭೇಟಿಯ ವೀಸಾದ ಮೇಲೆ ಹೋದವನು ಅಲ್ಲಿ ನೌಕರಿ ಮಾಡುವಂತಿಲ್ಲ. "ಈಗ ಬಿಸಿನೆಸ್ ವೀಸಾದಲ್ಲಿ ಬನ್ನಿ, ಅಲ್ಲಿ ಬಂದ ಮೇಲೆ ಸರಿಮಾಡೋಣ" ಎಂದು ಯಾರಾದರೂ ಹೇಳಿದರೆ, ಅಲ್ಲಿಗೆ ಮಾತು ನಿಲ್ಲಿಸುವುದೇ ವಿವೇಕ. ಹಾಗೆ ಹೋದವನು ಕಾನೂನಿನ ಕಣ್ಣಿಗೆ ಯಾರೂ ಅಲ್ಲದವನಾಗುತ್ತಾನೆ. ಧಣಿಯು ಸಂಬಳವನ್ನು ಹಿಡಿದಿಟ್ಟರೂ ದೂರು ಕೊಡುವ ಧೈರ್ಯ ಅವನಿಗಿರದು.

ನಮ್ಮ ಸರಕಾರದ ಒಂದು ನಿಯಮವನ್ನೂ ಅರಿತಿರಬೇಕು. ಹೆಚ್ಚು ಓದದ ಕೆಲಸಗಾರರು ಕೊಲ್ಲಿ ರಾಷ್ಟ್ರಗಳೇ ಮೊದಲಾದ ಕೆಲವು ದೇಶಗಳಿಗೆ ದುಡಿಯಲು ಹೋಗುವಾಗ ಸರಕಾರವೇ ಅವರ ಕರಾರನ್ನು ಪರಿಶೀಲಿಸಿ ಅನುಮತಿ ಕೊಡುವ ಏರ್ಪಾಡಿದೆ. ಆ ಯಾದಿಯಲ್ಲಿ ನೈಜೀರಿಯಾ ಇಲ್ಲ. ಎಂದರೆ ಕರಾರಿನ ಸಾಲುಸಾಲನ್ನೂ ನಾವೇ ಓದಿಕೊಳ್ಳಬೇಕು. ನೌಕರಿ ಕೊಡಿಸುವ ದಲಾಲನು ವಿದೇಶಾಂಗ ಖಾತೆಯಲ್ಲಿ ನೋಂದಾಯಿಸಿಕೊಂಡವನೋ ಎಂಬುದನ್ನು ಖಾತೆಯ 'ಇ-ಮೈಗ್ರೇಟ್' ತಾಣದಲ್ಲಿ ನೋಡಬಹುದು. ಅಂಥವನು ಪಡೆಯಬಹುದಾದ ಶುಲ್ಕಕ್ಕೂ 30,000 ರೂಪಾಯಿ ಮತ್ತು ತೆರಿಗೆಯ ಮಿತಿಯಿದೆ. ಎರಡೆಕರೆ ಲಿಂಬೆಯ ತೋಟವನ್ನು ಒತ್ತೆಯಿಟ್ಟು ಮೂರು ಲಕ್ಷ ಕೊಡಿರೆಂದು ಕೇಳುವವನು ಯಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮುಂಗಡ ಹಣ ಕೇಳಿ ಮೋಸ ಮಾಡುವ ವಿದ್ಯೆಗೆ ನೈಜೀರಿಯಾದಲ್ಲಿ ಆ ಅಪರಾಧದ ಕಲಮಿನ ಸಂಖ್ಯೆಯಾದ 419 ಎಂಬುದೇ ಹೆಸರಾಗಿದೆ. ಹಾಗೆಂದು ಮೋಸಗಾರರೆಲ್ಲ ಅಲ್ಲಿಯೇ ಇದ್ದಾರೆಂದು ಭಾವಿಸುವುದು ಅನ್ಯಾಯ. ನಮ್ಮ ಹುಡುಗರನ್ನು ವಂಚಿಸುವವರು ಅನೇಕ ವೇಳೆ ನಮ್ಮ ನುಡಿಯನ್ನೇ ಆಡುವವರಾಗಿರುತ್ತಾರೆ.

ಸಂಬಳವು ಯಾವ ನಾಣ್ಯದಲ್ಲಿ ಎಂಬುದು ಮತ್ತೊಂದು ಮುಖ್ಯ ಸಂಗತಿ. 2023ರ ಜೂನದವರೆಗೆ ಡಾಲರಿಗೆ 460 ನೈರಾದಷ್ಟಿದ್ದ ದರವು ಒಂದು ವರ್ಷದೊಳಗೆ 1,500ರ ಹತ್ತಿರಕ್ಕೆ ಹೋಯಿತು. ನೈರಾದಲ್ಲಿ ಸಂಬಳ ಗೊತ್ತುಮಾಡಿಕೊಂಡಿದ್ದವನು ಊರಿಗೆ ಕಳಿಸುವ ಹಣವು ಯಾವ ತಪ್ಪೂ ಇಲ್ಲದೆ ಮೂರನೆಯ ಒಂದು ಪಾಲಿಗೆ ಇಳಿಯಿತು. ಡಾಲರಿನಲ್ಲೋ ರೂಪಾಯಿಯಲ್ಲೋ ಸಂಬಳವನ್ನು ಬರೆಸಿಕೊಂಡವನು ಮಾತ್ರ ಉಳಿದುಕೊಂಡನು.

ಅಲ್ಲಿ ನಮ್ಮವರು ಇಲ್ಲದೆ ಇಲ್ಲ. ಸಿಂಧಿ ವ್ಯಾಪಾರಿಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಲೇಗೋಸಿನಲ್ಲಿ ಅಂಗಡಿ ತೆರೆದಿದ್ದರು. ಆ ದೇಶ ಸ್ವತಂತ್ರವಾಗುವ ಮೊದಲೇ, 1958ರಲ್ಲಿ, ಭಾರತವು ಅಲ್ಲಿ ತನ್ನ ರಾಯಭಾರದ ಕಚೇರಿಯನ್ನು ಸ್ಥಾಪಿಸಿತು. ಮುಂದೆ ತೈಲದ ಸಂಪತ್ತು ಹರಿದ ಎಪ್ಪತ್ತರ ದಶಕದಲ್ಲಿ ಭಾರತದ ಎಷ್ಟೋ ಉಪಾಧ್ಯಾಯರು ಅಲ್ಲಿಯ ಶಾಲೆಗಳಲ್ಲಿ ಗಣಿತ, ವಿಜ್ಞಾನಗಳನ್ನು ಕಲಿಸಿದರು. ಇಂದು ನೈಜೀರಿಯಾದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಭಾರತೀಯರಿದ್ದಾರೆ. ಆದರೆ "ಅಲ್ಲಿ ಬಹಳ ಭಾರತೀಯರಿದ್ದಾರೆ" ಎಂಬುದು ಅಜ್ಜನ ಪ್ರಶ್ನೆಗೆ ಉತ್ತರವಲ್ಲ. ವಿಮಾನ ನಿಲ್ದಾಣಕ್ಕೆ ಬಂದು ಕರೆದೊಯ್ಯುವವರ ಹೆಸರೇನು, ಅವರ ಫೋನು ಈಗ ಎತ್ತಿದರೆ ಮಾತಾಡುವರೋ, ಅದೇ ಸಂಸ್ಥೆಯಲ್ಲಿ ದುಡಿದು ಮರಳಿದವರು ಯಾರು, ಇವೇ ಉತ್ತರ. ಹೈಕಮಿಶನರ ಕಚೇರಿಯು ದೂರದ ಅಬುಜಾದಲ್ಲಿರುವುದರಿಂದ ಅದರ ದೂರವಾಣಿ ಸಂಖ್ಯೆಯು ಮನೆಯ ಗೋಡೆಯ ಮೇಲೂ ಬರೆದಿರಲಿ. ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಒಂಬತ್ತಾದಾಗ ಅಲ್ಲಿ ಸಂಜೆ ನಾಲ್ಕೂವರೆ. ತಾಯಂದಿರು ಫೋನು ಬರಲಿಲ್ಲವೆಂದು ನಿದ್ದೆಗೆಡುವುದಕ್ಕೆ ಮೊದಲು ಈ ಲೆಕ್ಕವನ್ನು ನೆನೆಯಬೇಕು.

ಊಟದ ಚಿಂತೆಯನ್ನು ಇಷ್ಟೊತ್ತು ಮುಂದೂಡಿದೆ, ಏಕೆಂದರೆ ಅಲ್ಲಿ ಹೆದರುವುದಕ್ಕಿಂತ ಹಿಗ್ಗುವುದಕ್ಕೆ ಹೆಚ್ಚು ಕಾರಣವಿದೆ. ನಾವು 'ನಮ್ಮ ನೆಲದ ಬೆಳೆ' ಎಂದು ಹೆಮ್ಮೆಪಡುವ ಜೋಳವು ಐದು ಸಾವಿರ ವರ್ಷಗಳ ಹಿಂದೆ ಆಫ್ರಿಕದ ಸೂಡಾನ ಸೀಮೆಯಲ್ಲಿ ಒಕ್ಕಲಾಗಿ, ಆಮೇಲೆ ಕಡಲು ದಾಟಿ ನಮ್ಮ ಎರೆಯ ಹೊಲಗಳಿಗೆ ಬಂದ ಕಾಳು. ಸಜ್ಜೆಯ ತವರು ಪಶ್ಚಿಮ ಆಫ್ರಿಕವೇ. ಮಾಲಿ ದೇಶದ ಕಣಿವೆಯೊಂದರಲ್ಲಿ ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನ ಸಜ್ಜೆಯ ಕುರುಹುಗಳು ದೊರೆತಿವೆ. ಅಲಸಂದಿಯೂ ಅಲ್ಲಿಯದೇ. ರೊಟ್ಟಿಗೆ ಹಚ್ಚಿಕೊಳ್ಳುವ ಗುರೆಳ್ಳಿನ ಮೂಲ ಇಥಿಯೋಪಿಯಾ. ಅಂದಮೇಲೆ ಮುದ್ದೇಬಿಹಾಳದ ಅಡಿಗೆಮನೆಯ ಡಬ್ಬಿಗಳು ನಮಗಿಂತ ಮೊದಲೇ ಆಫ್ರಿಕವನ್ನು ಕಂಡುಬಂದಿವೆ! ಲೇಗೋಸಿನ ಬೀದಿಯಲ್ಲಿ ಬೆಳಿಗ್ಗೆ ಅಲಸಂದಿಯನ್ನು ನೆನೆಸಿ, ಸಿಪ್ಪೆ ತೆಗೆದು, ಉಳ್ಳಾಗಡ್ಡಿ ಮೆಣಸಿನಕಾಯಿ ಕೂಡಿಸಿ ರುಬ್ಬಿ ಎಣ್ಣೆಯಲ್ಲಿ ಕರಿಯುತ್ತಾರೆ. 'ಅಕರಾ' ಎಂದು ಅದರ ಹೆಸರು, ರುಚಿ ನಮ್ಮ ವಡೆಗೆ ಬಲು ಹತ್ತಿರ. ಅದೇ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ 'ಮೊಯಿ ಮೊಯಿ'. ಉತ್ತರ ನೈಜೀರಿಯಾದವರು ಜೋಳದ ಹಿಟ್ಟನ್ನು ತೊಳಸಿ ಮುದ್ದೆ ಮಾಡಿ ಕೈಯಿಂದಲೇ ಉಣ್ಣುತ್ತಾರೆ.

ಬಾಗೇವಾಡಿಯ ಕಡೆಯ ಶಾಕಾಹಾರಿಗಳಿಗೆ ಒಂದು ಎಚ್ಚರಿಕೆಯ ಮಾತು. "ಮಾಂಸವಿಲ್ಲ" ಎಂದು ಅಲ್ಲಿಯವರು ಹೇಳಿದರೆ ಮೀನೂ ಇಲ್ಲವೆಂದು ಅರ್ಥವಲ್ಲ. ಸಾರಿಗೆ ಒಣಸಿಗಡಿಯ ಪುಡಿಯನ್ನು ನಮ್ಮವರು ಇಂಗು ಹಾಕಿದಷ್ಟು ಸಹಜವಾಗಿ ಹಾಕುತ್ತಾರೆ. ಮೊಯಿ ಮೊಯಿಯ ಒಳಗೆ ಮೊಟ್ಟೆಯ ತುಂಡೊಂದು ಅಡಗಿರುವುದುಂಟು. ಹೆಸರಾದ ಜೊಲೊಫ್ ಅನ್ನವನ್ನು ಬೇಯಿಸುವ ನೀರೇ ಮಾಂಸದ ಕಟ್ಟಾಗಿರಬಹುದು. ಒಂದೊಂದನ್ನೂ ಹೆಸರಿಟ್ಟು ಕೇಳಬೇಕು. ಮೊದಲ ದಿನಗಳಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಜೊತೆಗಿದ್ದರೆ ಸಾಕು.

ಕನ್ನಡದ ಮೇಷ್ಟರಾದ ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿ ಮಾತಿನದು. ಇಂಗ್ಲಿಷಿನಲ್ಲಿ ಕಾಣದ ನೀನು-ನೀವುಗಳ ಭೇದವು ಯೊರುಬಾ ನುಡಿಯಲ್ಲಿದೆ. ಹಿರಿಯರಿಗೆ ಬೆಳಗಿನ ವಂದನೆ ಹೇಳುವಾಗ ಬರಿಯ 'ಕಾರೊ' ಎನ್ನದೆ 'ಎ ಕಾರೊ' ಎನ್ನಬೇಕು. ಆ ಮುಂದಿನ 'ಎ'ಕಾರವು ನಮ್ಮ ಸೀಮೆಯ ಹಿಂದಿನ 'ರೀ'ಕಾರದ ಕೆಲಸವನ್ನೇ ಮಾಡುತ್ತದೆ. ದುಡಿಯುತ್ತಿರುವವನನ್ನು ಹಾದುಹೋಗುವಾಗ ಹೇಳಲು ಬೇರೆಯೇ ವಂದನೆಯಿದೆ: 'ಎ ಕು ಇಶೆ'. ಸಂಪ್ರದಾಯಸ್ಥ ಮನೆಗಳಲ್ಲಿ ಕಿರಿಯರು ಹಿರಿಯರೆದುರು ಮಂಡಿಯೂರುತ್ತಾರೆ, ಗಂಡಸರು ಸಾಷ್ಟಾಂಗ ಬೀಳುವುದೂ ಉಂಟು. ಎಡಗೈಯಿಂದ ಕೊಡುವುದು ಅಲ್ಲಿಯೂ ಅಗೌರವ. ವಂದಿಸದೆ ನೇರವಾಗಿ ಬೆಲೆ ಕೇಳಿದ ಗಿರಾಕಿಗೆ ಸಂತೆಯ ಹೆಂಗಸರು ಬೆಲೆ ಏರಿಸಿಯೇ ಹೇಳುವರಂತೆ, ತಪ್ಪೇನಿದೆ?

ಕೊನೆಯದಾಗಿ ಆರೋಗ್ಯದ ವಿಷಯ. ಹಳದಿ ಜ್ವರದ ಲಸಿಕೆಯಿಲ್ಲದೆ ಈ ಪ್ರವಾಸವಿಲ್ಲ. ಸರಕಾರವು ಮಾನ್ಯ ಮಾಡಿದ ಕೆಲವೇ ಕೇಂದ್ರಗಳಲ್ಲಿ ಅದನ್ನು ಕೊಡುತ್ತಾರೆ. ಬೆಂಗಳೂರು, ಮುಂಬಯಿಗಳಲ್ಲಿ ಅವು ಇವೆ. ಪ್ರಮಾಣಪತ್ರವು ಚುಚ್ಚಿದ ಹತ್ತು ದಿನಗಳ ಮೇಲೆ ಸಿಂಧುವಾಗುತ್ತದೆ, 2016ರಿಂದೀಚೆಗೆ ಜೀವನಪರ್ಯಂತ ನಡೆಯುತ್ತದೆ. ಆ ಹಳದಿ ಚೀಟಿ ಇಲ್ಲದೆ ಮರಳಿ ಬಂದವನನ್ನು ನಮ್ಮ ವಿಮಾನ ನಿಲ್ದಾಣದಲ್ಲಿಯೇ ಆರು ದಿನ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ಗರ್ಭಿಣಿಯರು, ಒಂಬತ್ತು ತಿಂಗಳೊಳಗಿನ ಕೂಸುಗಳು, ಅರುವತ್ತು ದಾಟಿದವರು ಇದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಮಲೇರಿಯಾಕ್ಕೆ ಹೊರಡುವ ಮೊದಲೇ ವೈದ್ಯರಿಂದ ಮುನ್ನೆಚ್ಚರಿಕೆಯ ಗುಳಿಗೆ ಬರೆಸಿಕೊಳ್ಳಬೇಕು, ಸೊಳ್ಳೆಯ ಪರದೆ ಒಯ್ಯಬೇಕು. ಜಗತ್ತಿನ ಮಲೇರಿಯಾ ರೋಗಿಗಳಲ್ಲಿ ಸುಮಾರು ಕಾಲುಭಾಗ ಆ ಒಂದು ದೇಶದಲ್ಲಿಯೇ ಇದ್ದಾರೆ, ಮತ್ತು ಅಲ್ಲಿಯ ಮಲೇರಿಯಾ ಬಹುಮಟ್ಟಿಗೆ ಮೆದುಳಿಗೆ ಏರಬಲ್ಲ ಜಾತಿಯದು. ಮನೆಯವರು ನೆನಪಿಡಬೇಕಾದದ್ದು ಇನ್ನೊಂದಿದೆ. ಹುಡುಗನು ರಜೆಗೆ ಬಂದು, ಒಂದು ತಿಂಗಳಲ್ಲೋ ಎರಡು ತಿಂಗಳಲ್ಲೋ ಜ್ವರವೆಂದು ಮಲಗಿದರೆ, "ಪ್ರಯಾಣದ ದಣಿವು" ಎಂದು ಕಷಾಯ ಕುಡಿಸಿ ದಿನ ನೂಕಬಾರದು. ಅದೇ ದಿನ ದವಾಖಾನೆಗೆ ಹೋಗಿ, ಜ್ವರ ಎಷ್ಟಿದೆಯೆಂದು ಹೇಳುವುದಕ್ಕೂ ಮೊದಲು, ಇವನು ಲೇಗೋಸಿನಿಂದ ಬಂದವನು, ರಕ್ತ ಪರೀಕ್ಷೆ ಮಾಡಿ ಎಂದು ವೈದ್ಯರಿಗೆ ಹೇಳಬೇಕು.