ಕಡಬಿನ ದೂರದ ನೆಂಟ

ನಾಗರ ಪಂಚಮಿಯಂದು ಕೊಲ್ಹಾಪುರ ಜಿಲ್ಲೆಯ ಕಾಗಲದ ಎಷ್ಟೋ ಮನೆಗಳಲ್ಲಿ ಒಲೆಯ ಮೇಲೆ ತವೆ ಇಡುವುದಿಲ್ಲ, ಏನನ್ನೂ ಹೆಚ್ಚುವುದಿಲ್ಲ, ಕರಿಯುವುದಿಲ್ಲ. ಕಣಕ ಲಟ್ಟಿಸಿ, ಕಡಲೆಬೇಳೆ-ಬೆಲ್ಲದ ಹೂರಣ ಇಟ್ಟು ಮಡಚಿ, ಕಡಬನ್ನು ಹಬೆಯಲ್ಲೇ ಬೇಯಿಸುತ್ತಾರೆ. ಮೇಲೆ ಧಾರಾಳವಾಗಿ ತುಪ್ಪ.

ನಮ್ಮಲ್ಲಿ ಹಬ್ಬಕ್ಕೆ ಹಬೆ ಕಾಣುವ ಗೋಧಿ, ಉತ್ತರ ಚೀನದಲ್ಲಿ ದಿನದ ಊಟ. ಅಲ್ಲಿನ ಮಾಂತೋ ಹುದುಗು ಬಂದ ಹಿಟ್ಟಿನ ಬಿಳಿ ಬನ್ನು. ಅದರ ಹುಟ್ಟಿಗೆ ಒಂದು ಕತೆಯಿದೆ: ಕ್ರಿ.ಶ. 225ರಲ್ಲಿ ದಕ್ಷಿಣದ ದಂಡಯಾತ್ರೆಯಿಂದ ಮರಳುತ್ತಿದ್ದ ಮಂತ್ರಿ ಝೂಗೆ ಲಿಯಾಂಗನಿಗೆ ನದಿ ಅಡ್ಡವಾಯಿತು. ನರಬಲಿ ಕೊಡಲೊಪ್ಪದೆ ಅವನು ತಲೆಯಾಕಾರದ ಹಿಟ್ಟಿನ ಉಂಡೆಗಳಿಗೆ ಮಾಂಸ ತುಂಬಿ ಅರ್ಪಿಸಿದನಂತೆ. ಕತೆ ಸೊಗಸಾಗಿದೆ, ಆದರೆ ಬರಹಕ್ಕೆ ಇಳಿದದ್ದು ಶತಮಾನಗಳ ನಂತರ. ಸುಮಾರು 300ರ ಹೊತ್ತಿಗೆ ಶೂ ಶಿ ಎಂಬ ಕವಿ ಗೋಧಿ ತಿನಿಸುಗಳ ಮೇಲೆ ಬರೆದ ಕೃತಿಯಲ್ಲಿ ಮಾಂತೋ ವಸಂತಾರಂಭದ ಔತಣಕ್ಕೆ ಒಪ್ಪುವ ತಿನಿಸಾಗಿ ಬರುತ್ತದೆ. ನಂಬಬೇಕಾದ ಸಾಕ್ಷಿ ಇದೇ.

ಇದೇ ಬಳಗದ ಬನ್ನನ್ನು ನೋಡಲು ಚೀನದವರೆಗೆ ಹೋಗಬೇಕಿಲ್ಲ. ಕಾಗಲದ ಮೇಲೆ ಹಾಯುವ ಪುಣೆ-ಬೆಂಗಳೂರು ಹೆದ್ದಾರಿಯಲ್ಲೇ ಬೆಳಗಾವಿ, ಧಾರವಾಡ ದಾಟಿ ಹುಬ್ಬಳ್ಳಿ ಮುಟ್ಟಿ, ಮುಂಡಗೋಡಿಗೆ ಹೊರಳಿದರೆ ಸಾಕು. ಅಲ್ಲಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ನೆಲೆ ಶುರುವಾಯಿತು. ಗಾಂದೆನ್, ದ್ರೆಪುಂಗ್ ಮಠಗಳು ಅಲ್ಲೇ ಮತ್ತೆ ತಲೆಯೆತ್ತಿದವು. ಇಂದಿನ ಮಾಂತೋವಿನಂತೆ ಅವರು ತಿನ್ನುವ ಟಿಂಗ್ಮೋ ಎಂಬ ಬನ್ನಿಗೂ ಹೂರಣವಿಲ್ಲ.

ಮೈದಾ, ಈಸ್ಟ್, ನೀರು. ನಾದಿದ ಹಿಟ್ಟು ಇಮ್ಮಡಿಯಾಗುವವರೆಗೆ ಕಾಯುತ್ತಾರೆ. ಅಗಲವಾಗಿ ಲಟ್ಟಿಸಿ, ಎಣ್ಣೆ ಸವರಿ, ಚಾಪೆಯಂತೆ ಸುತ್ತಿ, ತುಂಡರಿಸಿ ತಿರುಚುತ್ತಾರೆ. ಬೆಂದ ಮೇಲೆ ಬೆರಳಿನಿಂದ ಎಳೆದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಹಬೆಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಬೇಕರಿ ಬ್ರೆಡ್ಡಿನ ಕಂದು ಹೊರಪದರ ಇದಕ್ಕೆ ಬರುವುದಿಲ್ಲ. ಮೈಯೆಲ್ಲ ಬಿಳುಪು, ಮೆತ್ತಗೆ, ತೇವ.

ಸಪ್ಪೆ ಎಂದು ಇದನ್ನು ತಳ್ಳಿಹಾಕುವುದು ಅನ್ಯಾಯ. ಭಾಕರಿಯನ್ನು ಯಾರೂ ಬರಿದೇ ತಿಂದು ತೂಗುವುದಿಲ್ಲವಲ್ಲ! ಖಾರದ ಚಟ್ನಿ, ಮಾಂಸದ ಸಾರು, ಬೇಳೆ ಏನಿದ್ದರೂ ಟಿಂಗ್ಮೋ ಹೀರಿಕೊಳ್ಳುತ್ತದೆ. ಕೊಲ್ಹಾಪುರದ ತಾಂಬಡಾ ರಸ್ಸಾದಲ್ಲಿ ಅದ್ದಿದರೂ ಸೋಲಲಾರದು.

ಮನೆಯಲ್ಲಿ ಮಾಡುವವರಿಗೆ ಇಡ್ಲಿ ಪಾತ್ರೆಯೇ ಸಾಕು; ಕುಳಿ ತಟ್ಟೆಯ ಬದಲು ತೂತಿನ ಸಪಾಟು ತಟ್ಟೆ ಇರಲಿ. ಎಣ್ಣೆ ಸವರಿ, ಉಂಡೆಗಳ ನಡುವೆ ಎರಡು ಬೆರಳಿನ ಜಾಗ ಬಿಡಬೇಕು. ಹದಿನೈದು ನಿಮಿಷ ಬೆಂದ ಮೇಲೆ ಒಲೆ ಆರಿಸಿ, ಮುಚ್ಚಳವನ್ನು ಸ್ವಲ್ಪ ಹೊತ್ತು ಹಾಗೇ ಬಿಡಬೇಕು. ಒಮ್ಮೆಲೆ ತಣ್ಣನೆ ಗಾಳಿ ತಾಗಿದರೆ ಉಬ್ಬಿದ್ದು ಕುಸಿದು ಸುಕ್ಕುಗಟ್ಟುತ್ತದೆ.