ಯಂತ್ರದ ಪರಿಚಯಪತ್ರ

ಗಣಕಯಂತ್ರದಿಂದ ಹಾಡು ಹೊರಹೊಮ್ಮುವುದು ಇಂದು ಯಾರಿಗೂ ಸೋಜಿಗವಲ್ಲ. ಗುಂಡಿಯನ್ನು ಒತ್ತಿದೊಡನೆ ಇಂಪಾದ ಧ್ವನಿ ಕೇಳಿಬರುತ್ತದೆ. ಆದರೆ ಆ ಒಂದು ಕ್ಷಣದಲ್ಲಿ ಯಂತ್ರದ ಒಳಗೆ ನಡೆಯುವ ಕಾರ್ಯ ಸಾಮಾನ್ಯವಾದುದಲ್ಲ.

ಯಂತ್ರದಲ್ಲಿ ಹಾಡು ಅಂಕಿಗಳ ರೂಪದಲ್ಲಿ ಅಡಗಿರುತ್ತದೆ. ಆ ಅಂಕಿಗಳಿಂದ ಮೂಡುವ ವಿದ್ಯುತ್ ಸಂಕೇತವು ಬಹಳ ದುರ್ಬಲವಾದುದು. ಸ್ಪೀಕರಿನ ತಂತಿಸುರುಳಿಯನ್ನೂ ಅದಕ್ಕೆ ಅಂಟಿಕೊಂಡ ಪೊರೆಯನ್ನೂ ಅಲುಗಿಸುವ ಶಕ್ತಿ ಅದಕ್ಕಿಲ್ಲ. ಅದಕ್ಕೆ ಬಲವನ್ನು ತುಂಬುವ ಸಾಧನವೇ ಆಂಪ್ಲಿಫೈಯರ್, ಅಂದರೆ ವರ್ಧಕ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಮೂರು ವಿದ್ಯುದ್ವಾರಗಳ ಕೊಳವೆಯನ್ನು ರಚಿಸಿದನು. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಜನ್ಮತಾಳಿತು. ಅಂದು ದೊಡ್ಡ ಪೆಟ್ಟಿಗೆಯನ್ನು ತುಂಬುತ್ತಿದ್ದ ವರ್ಧಕವು ಇಂದು ಉಗುರಿಗಿಂತಲೂ ಕಿರಿದಾದ ಚಿಪ್ ಆಗಿದೆ.

ಹಳೆಯ ರೇಡಿಯೋದಲ್ಲಿ ಧ್ವನಿಯನ್ನು ಏರಿಸಲು ತಿರುಗುಗುಂಡಿಯಿದ್ದಿತು. ಈ ಚಿಪ್‌ನಲ್ಲಿ ಅಂತಹ ಗುಂಡಿಯಿಲ್ಲ. ಅದರ ಬದಲು ರಿಜಿಸ್ಟರ್ ಎಂಬ ಪುಟ್ಟ ಕೋಣೆಗಳಿವೆ. ಯಾವ ಕೋಣೆಯಲ್ಲಿ ಯಾವ ಅಂಕಿಯನ್ನು ಬರೆದರೆ ಧ್ವನಿ ಏರುವುದು, ಯಾವುದನ್ನು ಬರೆದರೆ ಅಡಗುವುದು ಎಂಬುದನ್ನು ಬಲ್ಲ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಅದು ಗಣಕದ ಕಾರ್ಯಾಚರಣ ವ್ಯವಸ್ಥೆಯ ಆಜ್ಞೆಗಳನ್ನು ಚಿಪ್‌ಗೆ ತಲುಪಿಸುತ್ತದೆ.

ಡ್ರೈವರ್ ಚಿಪ್‌ನ ಗುಣವನ್ನು ಬಲ್ಲುದೇ ಹೊರತು ಅದು ನೆಲೆಸಿರುವ ಯಂತ್ರವನ್ನು ಅರಿಯದು. ಮದ್ದಿನ ಗುಣವನ್ನು ಬಲ್ಲ ವೈದ್ಯನೂ ರೋಗಿಯ ವಯಸ್ಸನ್ನು ಕೇಳದೆ ಅದರ ಪ್ರಮಾಣವನ್ನು ನಿರ್ಧರಿಸಲಾರನಷ್ಟೆ! ಯುಎಸ್‌ಬಿ ತಂತಿಯಿಂದ ಜೋಡಿಸಿದ ಸಾಧನವು ತಾನು ಯಾರೆಂದು ತಾನೇ ಹೇಳಿಕೊಳ್ಳುತ್ತದೆ. ಆದರೆ ಫಲಕಕ್ಕೆ ಬೆಸೆದ ವರ್ಧಕದ ಚಿಪ್ ಹೀಗೆ ತನ್ನನ್ನು ಪರಿಚಯಿಸಿಕೊಳ್ಳುವುದಿಲ್ಲ. ಆದುದರಿಂದ ಅದರ ಪರಿಚಯವನ್ನು ಮನುಷ್ಯನೇ ಬರೆದಿಡಬೇಕಾಗುತ್ತದೆ.

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ವ್ಯವಸ್ಥೆಯಲ್ಲಿ ಈ ಬರಹಕ್ಕೆ 'ಡಿವೈಸ್ ಟ್ರೀ', ಅಂದರೆ ಸಾಧನವೃಕ್ಷ, ಎನ್ನುತ್ತಾರೆ. ಮೊದಲು ಆರ್ಮ್ ಜಾತಿಯ ಫಲಕಗಳ ವಿವರಗಳನ್ನು ವ್ಯವಸ್ಥೆಯ ತಿರುಳಿನೊಳಗೇ ಬರೆಯುತ್ತಿದ್ದರು. ಅವು ಮಿತಿಮೀರಿ ಬೆಳೆದುದರಿಂದ 2011ರಲ್ಲಿ ಟೊರ್ವಾಲ್ಡ್ಸ್ ಬಹಿರಂಗವಾಗಿ ಆಕ್ಷೇಪಿಸಿದರು. ಅಂದಿನಿಂದ ಆ ವಿವರಗಳು ಕ್ರಮೇಣ ಪ್ರತ್ಯೇಕ ಕಡತಗಳಿಗೆ ಸಾಗಿದವು.

ವರ್ಧಕದ ಪರಿಚಯದಲ್ಲಿ ಮಾತುಗಳು ಕೆಲವೇ. ಚಿಪ್ ಯಾವ ಬಗೆಯದು? ಎರಡು ತಂತಿಗಳ ಸಂಪರ್ಕದಲ್ಲಿ ಅದರ ವಿಳಾಸದ ಅಂಕಿ ಯಾವುದು? ಅದಕ್ಕೆ ವಿದ್ಯುತ್ತು ಎಲ್ಲಿಂದ ಬರುತ್ತದೆ? ಯಾವ ತಂತಿಯ ಸೂಚನೆಯಿಂದ ಅದು ಎಚ್ಚರಗೊಳ್ಳುತ್ತದೆ? ಅದು ನುಡಿಸುವುದು ಎಡದ ಸ್ಪೀಕರನ್ನೋ ಬಲದ ಸ್ಪೀಕರನ್ನೋ? ವಿಳಾಸ ತಪ್ಪಿದರೆ ಯಂತ್ರ ಮೂಕವಾಗುತ್ತದೆ. ಎಡಬಲಗಳು ಅದಲುಬದಲಾದರೆ ಸಂಗೀತದ ವಿನ್ಯಾಸ ಕೆಡುತ್ತದೆ.

ಇದಕ್ಕಿಂತ ಘೋರವಾದ ತಪ್ಪು ಮತ್ತೊಂದಿದೆ. ಧ್ವನಿಯ ವರ್ಧನೆಯನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. 10 ಡೆಸಿಬೆಲ್ ಹೆಚ್ಚಿದರೆ ವಿದ್ಯುತ್ ಸಾಮರ್ಥ್ಯ 10 ಪಟ್ಟಾಗುತ್ತದೆ; 20 ಹೆಚ್ಚಿದರೆ 100 ಪಟ್ಟಾಗುತ್ತದೆ. ಪುಟ್ಟ ಸ್ಪೀಕರಿನ ನವಿರಾದ ಸುರುಳಿ ಆ ಬಿಸಿಯನ್ನು ತಾಳಲಾರದೆ ಸುಟ್ಟುಹೋಗಬಹುದು.

2020ರಲ್ಲಿ ಆಪಲ್ ಸಂಸ್ಥೆಯ ಎಂ1 ಗಣಕಗಳು ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಲಿನಕ್ಸನ್ನು ನಡೆಸಲು ಶ್ರಮಿಸಿದ ಅಸಾಹಿ ಲಿನಕ್ಸ್ ತಂಡದವರು, ಸ್ಪೀಕರನ್ನು ನುಡಿಸುವ ಬಗೆ ತಿಳಿದ ಬಳಿಕವೂ ಅದನ್ನು ಬಳಕೆದಾರರಿಗೆ ಒಡನೆಯೇ ತೆರೆದಿಡಲಿಲ್ಲ. ವರ್ಧಕವು ಅಳೆದುಕೊಡುವ ವಿದ್ಯುತ್ಪ್ರವಾಹ ಮತ್ತು ವೋಲ್ಟೇಜುಗಳಿಂದ ಸುರುಳಿಯ ಉಷ್ಣತೆಯನ್ನು ಲೆಕ್ಕಹಾಕಿ, ಅದು ಮಿತಿಯನ್ನು ಸಮೀಪಿಸಿದರೆ ಧ್ವನಿಯನ್ನು ತಗ್ಗಿಸುವ ಕಾವಲು ತಂತ್ರಾಂಶವನ್ನು ಮೊದಲು ರಚಿಸಿದರು. ಅನ್ಯರ ಯಂತ್ರವು ತಮ್ಮ ಆತುರದಿಂದ ಕೆಡಬಾರದೆಂಬ ವಿವೇಕ ಅವರದು.

ಯಂತ್ರವು ತನಗೆ ಹೇಳಿದುದನ್ನು ಸಂದೇಹಿಸದೆ ನಂಬುತ್ತದೆ. ಆದುದರಿಂದ ಬರೆಯುವವನ ಹೊಣೆ ಹಿರಿದು. ಆತನು ಅಳೆದು, ಪರೀಕ್ಷಿಸಿ, ನಿಜವನ್ನೇ ಬರೆದಾಗ ಮಾತ್ರ ಯಂತ್ರದ ಕೊರಳು ಸುರಕ್ಷಿತವಾಗಿ ಹಾಡಬಲ್ಲುದು.